ಹಳೇ ಬಲ್ಬಿನ ಬದಲಿಗೆ

ಅಂಚೆ ಗುಮಾಸ್ತ ಮಾಡಹೊರಟಿದ್ದು ಉಪಕಾರವನ್ನೇ. ಹೆಂಡತಿಯ ಲ್ಯಾಬಿನಲ್ಲಿ, ಕೆಟ್ಟ ಫ್ರಿಜ್ಜಿನೊಳಗೆ ಹಗಲೂ ರಾತ್ರಿ ಉರಿದು ಕರೆಂಟು ನುಂಗುತ್ತಿದ್ದ ಹಳೇ ಬಲ್ಬನ್ನು ಬಿಚ್ಚಿ ಗುಜರಿಯವನ ಚೀಲಕ್ಕೆ ಹಾಕಿದ. ಅದರ ಜಾಗಕ್ಕೆ ಹೊಸ ಎಲ್‌ಇಡಿ ಬಲ್ಬು ತಿರುಗಿಸಿ, ‘ಸಂಜೆ ಬಂದು ನೋಡಿ ಮೆಚ್ಚಿಕೊಳ್ತಾಳೆ’ ಎಂದು ಬೀಗಿದ.

ಲ್ಯಾಬ್ ಎಂದರೆ ಮನೆಯ ಕಾರ್ ಶೆಡ್ಡು. ಹೆಂಡತಿ ವಿಜ್ಞಾನದ ಟೀಚರು, ಬೀದಿಗೆಲ್ಲ ಲ್ಯಾಬ್ ಅಕ್ಕ. ದೊಡ್ಡ ಸಂಸ್ಥೆಗಳು ಬೀಗ ಹಾಕಿಟ್ಟುಕೊಳ್ಳುವ ವಿದ್ಯೆಯನ್ನು ಆಕೆ ಕುಕ್ಕರು, ಮಿಕ್ಸಿ ಮೋಟಾರಿನಲ್ಲೇ ಪಳಗಿಸಿದ್ದಳು. ಯಾರಿಗೂ ಕೇಡು ಮಾಡದ ಬ್ಯಾಕ್ಟೀರಿಯಾಕ್ಕೆ ಹೊಸ ಜೀನು ಸೇರಿಸಿ, ನೀರಿನಲ್ಲಿ ಸೀಸವಿದ್ದರೆ ನೇರಳೆ ಬಣ್ಣಕ್ಕೆ ತಿರುಗುವಂತೆ ಮಾಡಿದ್ದಳು. ದರ್ಜಿ, ಗಾರೆಯವ, ಎದುರುಮನೆ ದೊಡ್ಡಮ್ಮ, ಯಾರು ಬೇಕಾದರೂ ಬಂದು ಕಲಿಯಬಹುದಿತ್ತು. ಕಲಿತೂ ಇದ್ದರು, ಭೇಷ್ ಎನ್ನಬೇಕು.

ಅವತ್ತು ತಮ್ಮದೇ ಬೀದಿಯ ನಲ್ಲಿ ನೀರಿನ ಪರೀಕ್ಷೆ. ಬೀದಿಯ ಮಕ್ಕಳೆಲ್ಲ ಕುಡಿಯುವ ನೀರು. ಸಂಜೆ ಬರಲಿದ್ದ ಅಧಿಕಾರಿ ಮೊದಲೇ ಹೇಳಿದ್ದ, “ಬಣ್ಣ ಬಂದ್ರೆ ಹಳೇ ಪೈಪು ತೆಗೆಸ್ತೀನಿ. ಬರಲಿಲ್ವಾ, ಮತ್ತೆ ನನ್ನ ಬಾಗಿಲಿಗೆ ಬರಬೇಡಿ.” ಲ್ಯಾಬ್ ಅಕ್ಕ ಬೆಳಿಗ್ಗೆಯೇ ಬ್ಯಾಕ್ಟೀರಿಯಾ ಇದ್ದ ಗಾಜಿನ ಕೊಳವೆಗಳಿಗೆ ನಲ್ಲಿ ನೀರು ಬೆರೆಸಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟು, ಬೇರೆ ಬೀದಿಯವರಿಗೆ ಕಲಿಸಲು ಹೋಗಿದ್ದಳು.

ದೊಡ್ಡಮ್ಮ ಬಂದು ಫ್ರಿಜ್ಜಿಗೆ ಕೈಹಾಕಿದಳು. “ಏನೋ ಇದು, ತಣ್ಣಗಿದೆ?”

“ಹೊಸ ಬಲ್ಬು, ದೊಡ್ಡಮ್ಮ. ಬಿಸೀನೇ ಆಗಲ್ಲ.”

“ಬಿಸಿಗೇ ಕಣೋ ಆ ಬಲ್ಬು ಇದ್ದಿದ್ದು. ನಮ್ಮ ಮೈಯಷ್ಟು ಬೆಚ್ಚಗಿಲ್ದಿದ್ರೆ ಇವು ಕಣ್ಣೇ ಬಿಡಲ್ಲ.”

ಗುಮಾಸ್ತ ಬೀದಿಗೆ ಓಡಿದ. ಗುಜರಿಯವ ಆಗಲೇ ಹೋಗಿಬಿಟ್ಟಿದ್ದ. ಅಂಗಡಿ ಅಂಗಡಿ ಅಲೆದ. ಹಳೇ ಬಲ್ಬು ಈಗ ಯಾರೂ ಮಾರುವುದಿಲ್ಲ. ಕೊನೆಗೆ ದರ್ಜಿಯೇ ದಾರಿ ತೋರಿಸಿದ. “ಮೈಯಷ್ಟು ಬಿಸಿ ತಾನೆ? ಮೈಯೇ ಇದೆಯಲ್ಲ ಸ್ವಾಮಿ.” ಬನಿಯನ್ನಿನ ಎಡ ಕಂಕುಳಿಗೆ ಜೇಬು ಹೊಲಿದು, ಕೊಳವೆಗಳನ್ನು ಅದರಲ್ಲಿಟ್ಟು ಆಫೀಸಿಗೆ ಅಟ್ಟಿದ.

ಗುಮಾಸ್ತ ಎಡಗೈಯನ್ನು ಮೈಗೆ ಅಂಟಿಸಿಕೊಂಡು ಒಂದೇ ಕೈಯಲ್ಲಿ ಮುದ್ರೆ ಒತ್ತತೊಡಗಿದ. ಕೊಳವೆ ಜಾರುವ ಭಯಕ್ಕೆ ಬೆವರು ಕಿತ್ತುಬಂತು.

“ಯಾಕ್ರೀ, ಎಡಗೈ ನೋವಾ?” ಎಂದರು ಪೋಸ್ಟ್ ಮಾಸ್ಟರು.

“ಇಲ್ಲ ಸಾರ್, ಬೆಚ್ಚಗಿಟ್ಕೊಂಡಿದ್ದೀನಿ.”

“ಎಡಗೈ, ಬೆವರು, ಮೇಲೆ ಏನೇನೋ ಮಾತು. ಹಾರ್ಟೇ ಇದು. ಎತ್ರಪ್ಪಾ.”

ಸಹೋದ್ಯೋಗಿಗಳು ಅವನನ್ನು ಮೂಟೆಯಂತೆ ಹೊತ್ತು ಡಾಕ್ಟರ ಮುಂದೆ ಇಳಿಸಿದರು. ಡಾಕ್ಟರು ಥರ್ಮಾಮೀಟರು ಹಿಡಿದು ಬಂದರು.

“ಬಲಗಡೆ ಇಡಿ ಡಾಕ್ಟ್ರೇ, ಎಡಗಡೆ ಜಾಗ ಇಲ್ಲ” ಎಂದ ಗುಮಾಸ್ತ.

ಡಾಕ್ಟರು ಪರೀಕ್ಷೆ ಮುಗಿಸಿ ಪೋಸ್ಟ್ ಮಾಸ್ಟರನ್ನು ಪಕ್ಕಕ್ಕೆ ಕರೆದು, “ಹೃದಯ ಗಟ್ಟಿಯಾಗಿದೆ. ತಲೆಗೆ ಒಂದು ವಾರ ರಜೆ ಕೊಡಿ” ಎಂದರು.

ಗುಮಾಸ್ತ ಮನೆಗೆ ಓಡಿಬಂದು ಕೊಳವೆಗಳನ್ನು ಫ್ರಿಜ್ಜಿಗೆ ಸೇರಿಸುವುದಕ್ಕೂ, ಹೆಂಡತಿ ಅಧಿಕಾರಿಯೊಂದಿಗೆ ಒಳಗೆ ಬರುವುದಕ್ಕೂ ಸರಿಹೋಯಿತು. ಕೊಳವೆಗಳೆಲ್ಲ ಅಚ್ಚ ನೇರಳೆ. ಅಧಿಕಾರಿ ಮರುಮಾತಾಡದೆ ಪೈಪು ಬದಲಿಸಲು ಒಪ್ಪಿಕೊಂಡು ಹೋದ. ಬೀದಿಗೆ ಬೀದಿಯೇ ಲ್ಯಾಬ್ ಅಕ್ಕನನ್ನು ಕೊಂಡಾಡಿತು. ಗುಮಾಸ್ತನೂ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದ.

ಆದರೆ ಹೆಂಡತಿಯ ಕೈ ಫ್ರಿಜ್ಜಿನೊಳಗಿತ್ತು. “ರೀ, ಇಲ್ಲಿ ತಣ್ಣಗಿದೆ. ಮತ್ತೆ ಬಣ್ಣ ಹೇಗೆ ಬಂತು?”

ಅವನು ಬಾಯಿ ತೆರೆಯುವ ಮುಂಚೆ ದೊಡ್ಡಮ್ಮ ಬಲ್ಬಿನಿಂದ ಕಂಕುಳಿನವರೆಗಿನ ಕತೆಯನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಗುಮಾಸ್ತ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಹೆಂಡತಿಯ ಕಣ್ಣು ತುಂಬಿಬಂತು.

“ಇಡೀ ದಿನ ಹೊತ್ಕೊಂಡು ತಿರುಗಿದ್ರಾ?”

“ಬೀದಿ ಮಕ್ಕಳು ಕಣೇ” ಎಂದ, ಕೊಂಚ ಉಬ್ಬಿ.

“ಇವತ್ತು ಹೋದ ಕಡೆಯೆಲ್ಲ ಇದೇ ಗೋಳು ರೀ. ಹಳೇ ಬಲ್ಬು ಸಿಗಲ್ಲ, ಕೊಳವೆ ಬೆಚ್ಚಗಿಡೋದು ಹೇಗೆ ಅಂತ. ನಾನೂ ತಲೆ ಕೆಡಿಸ್ಕೊಂಡಿದ್ದೆ. ಖರ್ಚಿಲ್ಲ, ಕರೆಂಟಿಲ್ಲ, ಉಪಾಯ ಮನೇಲೇ ಇತ್ತಲ್ಲ.” ಆಕೆ ದರ್ಜಿಯ ಕಡೆ ತಿರುಗಿದಳು. “ಬಲಗಡೆಗೂ ಒಂದು ಜೇಬು ಹೊಲಿಯಪ್ಪ. ನಾಳೆಯಿಂದ ಎಲ್ಲಾ ಬೀದಿ ನೀರೂ ಇಲ್ಲಿಗೇ ಬರುತ್ತೆ.”

“ನನಗೆ ಆಫೀಸಿದೆಯಲ್ಲೇ” ಎಂದು ಗುಮಾಸ್ತ ತೊದಲಿದ.

“ಪೋಸ್ಟ್ ಮಾಸ್ಟರು ಹೇಳಿಕಳಿಸಿದ್ದಾರೆ, ಒಂದು ವಾರ ರಜೆಯಂತಲ್ಲ” ಎಂದಳು ದೊಡ್ಡಮ್ಮ. ದರ್ಜಿ ಆಗಲೇ ಅವನ ಬಲಗೈ ಎತ್ತಿ ಅಳತೆ ತೆಗೆಯುತ್ತಿದ್ದ.