ಸೆಲ್ಫ್ ಇಲ್ಲದ ಜೀಪು ಮತ್ತು ನಮ್ಮಕ್ಕನ ಮಗಳು

ನಮ್ಮಕ್ಕನ ಮಗಳಿಗೆ ಭೂಮಿ ಗುಂಡಗಿದೆ ಎಂಬುದರಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಭೂಮಿ ಇಳಿಜಾರಾಗಿದೆ, ಅಲ್ಲಲ್ಲಿ ನಮ್ಮ ದುರದೃಷ್ಟಕ್ಕೆ ಮಟ್ಟಸವಾಗಿದೆ. ಇಷ್ಟೇ ಅವಳ ಭೂಗೋಳ! ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನಾನು, ಹಿಂದೂಪುರದ ಯಾವ ಬೀದಿ ಯಾವ ದಿಕ್ಕಿಗೆ ಒಂದು ಗೇಣು ವಾಲಿದೆ ಎಂಬುದನ್ನು ಕಲಿತದ್ದು ಇಪ್ಪತ್ತನಾಲ್ಕು ವರ್ಷದ ಈ ಹುಡುಗಿಯಿಂದ.

ಇದಕ್ಕೆಲ್ಲ ಕಾರಣ ಒಂದು ಜೀಪು. ಹುಡುಗಿಗಿಂತ ಜೀಪು ವಯಸ್ಸಿನಲ್ಲಿ ಹಿರಿಯದು. ಅವಳಿಗೆ ಪಕ್ಕದ ಪರಿಗಿಯ ದನದ ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ. ಅವಳ ಜೊತೆಯವರೆಲ್ಲ ಸ್ಕೂಟಿಯಲ್ಲಿ ಜುಮ್ಮನೆ ಹೋಗಿ ಬರುತ್ತಾರೆ. ಇವಳಿಗೆ ಮಾತ್ರ ಜೀಪೇ ಆಗಬೇಕು. ಔಷಧಿಯ ಪೆಟ್ಟಿಗೆ ಇಡಬೇಕು, ಹೊಲದ ದಾರಿಯಲ್ಲಿ ಹೋಗಬೇಕು, ಕಾಲು ಮುರಿದ ಕುರಿಯನ್ನು ಹೊತ್ತು ತರಬೇಕು, ಸ್ಕೂಟಿಯ ಮೇಲೆ ಕುರಿ ಕೂರುತ್ತದೆಯೇ ಎಂದು ನನ್ನನ್ನೇ ಕೇಳುತ್ತಾಳೆ. ಸರಿ, ಜೀಪೇ ಇರಲಿ. ಆದರೆ ಈ ಜೀಪಿಗೆ ಸೆಲ್ಫ್ ಇಲ್ಲ. ಕೀಲಿ ತಿರುಗಿಸಿದರೆ ಒಳಗೆಲ್ಲೋ ಒಮ್ಮೆ 'ಕಟಕ್' ಎನ್ನುತ್ತದೆ, ಆಮೇಲೆ ಮೌನ. ಒಂದೋ ಯಾರಾದರೂ ತಳ್ಳಬೇಕು, ಇಲ್ಲವೇ ಇಳಿಜಾರಿನಲ್ಲಿ ನಿಲ್ಲಿಸಿರಬೇಕು. ಗಾಡಿ ತಾನಾಗಿ ಉರುಳುವಾಗ ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಒಂದು ಸಲ ಮೈಕೊಡವಿ ಎದ್ದು ಓಡುತ್ತದೆ.

"ಅದನ್ನ ರಿಪೇರಿ ಮಾಡಿಸಬಾರದೇನಮ್ಮ?" ಎಂದು ನಾನು ಕೇಳಿದ್ದುಂಟು.

"ಸೆಲ್ಫ್ ಇವತ್ತು ಮಾಡ್ಸಿದ್ರೆ ಆರು ತಿಂಗ್ಳಿಗೆ ಇನ್ನೊಂದ್ಸಲ ಕೆಡ್ತದೆ ಮಾವ. ಡೌನು ಯಾವತ್ತಾದ್ರೂ ಕೆಟ್ಟೈತಾ?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿ!

ಜೀಪು ತಂದ ದಿನದ ಕಥೆ ಕೇಳಬೇಕು. ಅದಿದ್ದದ್ದು ಕಲ್ಯಾಣದುರ್ಗದಾಚೆ, ಬೆಳುಗುಪ್ಪದ ಹತ್ತಿರ, ಕಡಲೆಕಾಯಿ ಬೆಳೆಯುವ ರೈತರೊಬ್ಬರ ಹಟ್ಟಿಯಲ್ಲಿ. ಬಾನೆಟ್ಟಿನ ಮೇಲೆ ಕೋಳಿ ಮಲಗಿತ್ತು. ಆ ರೈತರು ಎದೆ ಮುಟ್ಟಿಕೊಂಡು, "ಸೆಲ್ಫ್ ಒಕಟೇ ಲೇದಮ್ಮಾ, ಮಿಗತಾದಂತಾ ಬಂಗಾರಂ" ಎಂದರು. ಸೆಲ್ಫ್ ಒಂದು ಬಿಟ್ಟರೆ ಉಳಿದದ್ದೆಲ್ಲ ಚಿನ್ನವಂತೆ! ಚಿನ್ನವನ್ನು ಅವರ ಮನೆಯವರೆಲ್ಲ ಸೇರಿ ತಳ್ಳಿಕೊಟ್ಟರು. ಅಲ್ಲಿಂದ ಹಿಂದೂಪುರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರು ಇಂಜಿನ್ ಆರಿಸುವಂತಿಲ್ಲ. ಸೋಮಂದೇಪಲ್ಲಿಯಲ್ಲಿ ಟೀ ಕುಡಿದದ್ದು ಪಾಳಿಯ ಮೇಲೆ. ಮೊದಲು ನಾನು ಕುಡಿದು ಬಂದೆ. ಆಮೇಲೆ ಅವಳು ಇಳಿದು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಆಕ್ಸಿಲೇಟ್ರು ಮ್ಯಾಲೆ ಕಾಲಿಟ್ಕೊಂಡಿರು ಮಾವ, ಆರೋದ್ರೆ ಇಲ್ಲೇ ಮನೆ ಕಟ್ಕೊಬೇಕಾಯ್ತದೆ" ಎಂದು ಹೋದಳು. ಕಾಲು ಅಲ್ಲಾಡಿಸದೆ, ಉಸಿರು ಬಿಗಿಹಿಡಿದು ನಾನು ಕೂತದ್ದನ್ನು ನೋಡಿ, ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅಂದಿನಿಂದ ಅವಳ ಬದುಕನ್ನು ಇಳಿಜಾರುಗಳೇ ನಡೆಸುತ್ತಿವೆ. ಬ್ಯಾಂಕು ಯಾವುದು? ಇಳಿಜಾರಿನ ಪಕ್ಕದ್ದು. ಡೀಸೆಲ್ ಎಲ್ಲಿ? ಊರಾಚೆ, ಏರಿನ ಮೇಲಿರುವ ಬಂಕಿನಲ್ಲಿ. ಗೆಳತಿಯ ಮದುವೆಯ ಛತ್ರದ ಮುಂದೆ ರಸ್ತೆ ಮಟ್ಟಸವಾಗಿತ್ತೆಂದು ಮೂರು ಬೀದಿ ಆಚೆ ಜೀಪು ನಿಲ್ಲಿಸಿ, ರೇಷ್ಮೆ ಸೀರೆಯುಟ್ಟು ಬಿಸಿಲಲ್ಲಿ ನಡೆದು, ಧಾರೆ ಮುಗಿದ ಮೇಲೆ ಮುಟ್ಟಿದಳು. ಪರಿಗಿಯಲ್ಲಿ ಕೆರೆ ಏರಿಯ ಪಕ್ಕದ ಇಳಿಜಾರೇ ಅವಳ ನಿಲ್ದಾಣ. ಅಲ್ಲಿ ಜೀಪು ಕಂಡರೆ ಡ್ಯೂಟಿಯಲ್ಲಿದ್ದಾಳೆಂದು ಊರಿಗೇ ಗೊತ್ತು.

ಹ್ಯಾಂಡ್‌ಬ್ರೇಕನ್ನು ಅವಳು ನಂಬುವುದಿಲ್ಲ. ಚಕ್ರದ ಮುಂದೆ ಕೊಡಲು ಒಂದು ದಪ್ಪ ಕಲ್ಲು ಇಟ್ಟುಕೊಂಡಿದ್ದಳು. ಪರಿಗಿಯಲ್ಲಿ ದಿನಾ ಎತ್ತಿ ಜೀಪಿಗೆ ಹಾಕುವುದೇಕೆಂದು ಆ ಕಲ್ಲನ್ನು ಏರಿಯ ಬದಿಯಲ್ಲೇ ಬಿಟ್ಟು ಬರತೊಡಗಿದಳು. ಎರಡು ದಿನ ರಜೆ ಕಳೆದು ಹೋಗಿ ನೋಡುತ್ತಾಳೆ, ಕಲ್ಲಿಗೆ ಅರಿಶಿನ, ಕುಂಕುಮ, ಮೇಲೊಂದು ಕಣಗಿಲೆ ಹೂವು! ಪಕ್ಕದಲ್ಲೇ ಕೈಮುಗಿದು ನಿಂತ ಒಬ್ಬ ಮುದುಕಿ.

"ಅಜ್ಜೀ, ಅದು ನನ್ ಜೀಪಿನ ಕಲ್ಲು ಕಣಜ್ಜಿ."

"ಇದ್ರೆ ಇರ್ಲೇಳಮ್ಮ. ಅಷ್ಟ್ ದೊಡ್ ಜೀಪ್ನ ಒಂದೇ ತಡೀತದೆ ಅಂದ್ರೆ, ಅದ್ರಾಗೆ ಏನೋ ಐತೆ."

ಮಾರನೆಯ ದಿನದಿಂದ ಅವಳು ಬೇರೆ ಕಲ್ಲು ಹುಡುಕಿಕೊಂಡಳು. ಹಳೆಯ ಕಲ್ಲಿಗೆ ಈಗಲೂ ಪೂಜೆ ನಡೆಯುತ್ತಿದೆ. ಹಾದುಹೋಗುವಾಗ ಇವಳೂ ಒಂದು ನಮಸ್ಕಾರ ಹಾಕುತ್ತಾಳಂತೆ.

ಇಷ್ಟೆಲ್ಲ ನಗುವ ಮಾತಾಯಿತು. ಇನ್ನು ನಗು ಕಡಿಮೆಯಾದ ಸಂಗತಿ. ನಮ್ಮ ಭಾವ, ಅಂದರೆ ಈ ಹುಡುಗಿಯ ಅಪ್ಪ, ಕೈಮಗ್ಗದ ನೇಕಾರರು. ನಮ್ಮ ಮನೆಯ ಎದುರು ಮನೆಯೇ ಅವರದು. ದಿನಕ್ಕೆ ಹತ್ತು ಮಾತಾಡಿದರೆ ಅದು ಅವರಿಗೆ ಭಾಷಣ. ಅಷ್ಟು ಕಡಿಮೆ ಮಾತಿನವರಾದ್ದರಿಂದಲೋ ಏನೋ, ಆಡಿದ ಮಾತು ಅವರಿಗೆ ಬಹಳ ದೊಡ್ಡದು. ಮಗಳಿಗೆ ಕಲ್ಯಾಣದುರ್ಗದ ಒಂದು ಸಂಬಂಧ ಬಂತು. ಗಂಡಿನವರು ಹುಡುಗಿಯ ಫೋಟೋ ನೋಡಿ ಒಪ್ಪಿದ್ದರು. ನಮ್ಮ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವುದು ಉಳಿದಿತ್ತು. ಮನೆ ನೋಡುವುದಕ್ಕೆ ಹುಡುಗಿಯನ್ನು ಕರೆದೊಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹೋಗುವುದು ಯಾವುದರಲ್ಲಿ? ಜೀಪಿನಲ್ಲಿ. ಜೀಪು ಓಡಿಸುವವರು ಯಾರು?

ಅಕ್ಕ ತಲೆ ಚಚ್ಚಿಕೊಂಡಳು. ಕೊನೆಗೆ ಒಂದು ತೀರ್ಮಾನವಾಯಿತು. ಅವಳು ಬರುವುದು ಹುಡುಗಿಯಾಗಿ ಅಲ್ಲ, ಡ್ರೈವರಾಗಿ! ಒಳಗೆ ಕಾಲಿಡಬಾರದು, ಬಾಯಿ ಬಿಡಬಾರದು.

ಗಂಡಿನ ಮನೆ ಬಜಾರಿನಲ್ಲಿ, ಮಟ್ಟಸವಾದ ಜಾಗದಲ್ಲಿತ್ತು. ಊರಾಚೆ ಗುಡ್ಡದ ಕಡೆಯ ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ಹಣ್ಣಿನ ತಟ್ಟೆ ಹಿಡಿದು ನಾವೆಲ್ಲ ಮೆರವಣಿಗೆಯಂತೆ ನಡೆದೆವು. ಡ್ರೈವರು ಬಂದು ಜಗುಲಿಯ ಮೇಲೆ ಕೂತಳು. ಒಳ್ಳೆಯ ಜನ. "ಪಾಪ, ಡ್ರೈವರಮ್ಮನಿಗೂ ಕಾಫಿ ಕೊಡ್ರಿ" ಎಂದರು ಗಂಡಿನ ತಂದೆ. ಕಾಫಿ ಕೊಡಲು ಹೋದ ಹುಡುಗನ ತಾಯಿ ಅವಳ ಮುಖ ನೋಡಿ, ಫೋಟೋ ನೆನೆಸಿಕೊಂಡು ಹೌಹಾರಿ ಒಳಗೆ ಬಂದರು. ಎಲ್ಲರೂ ನಕ್ಕೆವು. ಗಂಡಿನ ತಂದೆಯೂ ನಗುತ್ತಲೇ, "ಆ ಜೀಪು ಇನ್ನ ಬ್ಯಾಡ ಬಿಡಿ, ನಮ್ ಮನೇಲಿ ಕಾರೈತೆ. ದನ ಮುಟ್ಟೋ ಕೆಲ್ಸಾನೂ ಬ್ಯಾಡ. ಮನೇಲಿ ಹಾಯಾಗಿರ್ಲಿ" ಎಂದರು. ನಮ್ಮ ಭಾವ ಹತ್ತು ಜನರ ಎದುರಿಗೆ, "ಆಗ್ಲಿ, ನೀವು ಹೇಳ್ದಂಗೆ" ಎಂದುಬಿಟ್ಟರು.

ಜಗುಲಿಯಿಂದ ದನಿ ಬಂತು. "ಆಗಲ್ಲ ಕಣಪ್ಪ. ಕೆಲ್ಸ ನಾನು ಬಿಡಲ್ಲ."

ಯಾರೂ ನಗಲಿಲ್ಲ. ಹೆಚ್ಚು ಜಗಳವೂ ಆಗಲಿಲ್ಲ. ಲೋಟಗಳನ್ನು ಕೆಳಗಿಟ್ಟು ಎದ್ದು ಬಂದೆವು. ಗುಡ್ಡದ ತನಕ ಭಾವ ಎಲ್ಲರಿಗಿಂತ ಮುಂದೆ ನಡೆದರು. ಆ ದಾರಿ ಅಷ್ಟು ದೂರವಿದೆ ಎಂದು ಹೋಗುವಾಗ ಅನ್ನಿಸಿರಲಿಲ್ಲ.

ಅಂದಿನಿಂದ ಅಪ್ಪ ಮಗಳನ್ನು ಮಾತಾಡಿಸುವುದು ಬಿಟ್ಟರು. ಮೊದಮೊದಲು ಅವಳು, "ಅಪ್ಪಾ, ಹೋಗ್ಬತ್ತೀನಿ", "ಅಪ್ಪಾ, ಉಣ್ಣು ಬಾ" ಎನ್ನುತ್ತಿದ್ದಳು. ಉತ್ತರ ಬಾರದೆ ಬಾರದೆ ಅವಳೂ ಸುಮ್ಮನಾದಳು. ಮೂರೇ ಜನರ ಮನೆ, ಅದರಲ್ಲಿ ಇಬ್ಬರಿಗೆ ಮಾತಿಲ್ಲ. ಅಕ್ಕನೇ ಇಬ್ಬರ ನಡುವಿನ ಟಪಾಲು. ಅಕ್ಕ ಮನೆಯಲ್ಲಿಲ್ಲದಾಗ ಭಾವ ಮಗ್ಗದ ಕಡೆ ಮುಖ ಮಾಡಿ, "ಮಳೆ ಬರೋ ಹಂಗೈತೆ" ಎನ್ನುತ್ತಿದ್ದರು. ಮಗಳು ಗೋಡೆಯ ಮೇಲಿನ ಕೊಡೆ ತೆಗೆದುಕೊಳ್ಳುತ್ತಿದ್ದಳು. ಯಾರದು ತಪ್ಪು? ಇಬ್ಬರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಹತ್ತು ಜನರ ಮುಂದೆ ಭಾವನ ಮಾತು ಹೋಯಿತು, ನಿಜ. ಆದರೆ ಅವಳು ಸುಮ್ಮನಿದ್ದಿದ್ದರೆ ಅವಳ ಬದುಕೇ ಹೋಗುತ್ತಿತ್ತಲ್ಲ? ಇದನ್ನು ಭಾವನಿಗೆ ಹೇಳಬೇಕೆಂದು ನಾಲ್ಕಾರು ಸಲ ಹೋಗಿ, ನೂಲಿನ ಬಣ್ಣದ ಬಗ್ಗೆ ಮಾತಾಡಿ ಎದ್ದು ಬಂದಿದ್ದೇನೆ.

ಒಂದು ವಿಚಿತ್ರ ಮಾತ್ರ ನಡೆಯಿತು. ನಮ್ಮ ಬೀದಿ ಪೂರಾ ಮಟ್ಟಸ. ಮುಂಚೆ ಬೆಳಿಗ್ಗೆ ಜೀಪನ್ನು ಬೀದಿಯವರೇ ಸರದಿಯ ಮೇಲೆ ತಳ್ಳುತ್ತಿದ್ದೆವು. ಹಾಲಿನವನು, ಇಡ್ಲಿ ಅಂಗಡಿಯವನು, ನಾನು. ಭಾವ ಮಗ್ಗ ಬಿಟ್ಟು ಎದ್ದವರೇ ಅಲ್ಲ. ಕಲ್ಯಾಣದುರ್ಗದಿಂದ ಬಂದ ಮಾರನೆಯ ಬೆಳಿಗ್ಗೆ ಸುದ್ದಿ ತಿಳಿದ ಬೀದಿಯವರೆಲ್ಲ ಮುಜುಗರದಿಂದ ಒಳಗೇ ಉಳಿದರು. ನಾನು ಚಪ್ಪಲಿ ಮೆಟ್ಟುವುದರೊಳಗೆ ಭಾವ ಹೊರಗೆ ಬಂದರು. ಪಂಚೆ ಎತ್ತಿಕಟ್ಟಿ, ಟವೆಲ್ ತಲೆಗೆ ಸುತ್ತಿ, ಜೀಪಿನ ಹಿಂದೆ ನಿಂತು, ಎರಡೂ ಕೈ ಕೊಟ್ಟು ತಳ್ಳಿದರು. ಅವಳು ತಿರುಗಿ ನೋಡಲಿಲ್ಲ. ಜೀಪು ಹೋಯಿತು, ಅವರು ಒಳಗೆ ಹೋದರು. ಮರುದಿನವೂ ಹಾಗೆಯೇ. ಆಮೇಲೆ ದಿನಾ, ಎಂಟು ಗಂಟೆ ಹೊಡೆಯುವ ಮೊದಲು.

ಮುಖ ನೋಡಿ ಮಾತಾಡಿಸದವರು ಬೆನ್ನ ಹಿಂದೆ ನಿಂತು ತಳ್ಳುವುದು ಯಾವ ಸೀಮೆಯ ಕೋಪ ಎಂದು ನಾನು ಅಕ್ಕನ ಹತ್ತಿರ ನಗೆಯಾಡಿದೆ. ಅವಳು ನಗಲಿಲ್ಲ. "ವಯಸ್ಸಾತು ಕಣೋ ಅವ್ರಿಗೆ. ತಳ್ಳಿ ಬಂದು ಅರ್ಧ ಗಂಟೆ ಏದುಸಿರು ಬಿಡ್ತಾರೆ. ಬ್ಯಾಡ ಅಂದ್ರೆ ಕೇಳಲ್ಲ" ಎಂದಳು.

ಹೀಗೆ ಏಳು ತಿಂಗಳು ಕಳೆದವು. ಮೇಷ್ಟ್ರಾದವನಿಗೆ ಕೈಕಟ್ಟಿ ಕೂರುವುದು ಬರುತ್ತದೆಯೇ? ಒಂದು ಭಾನುವಾರ ಅವಳು ಯಾವುದೋ ಶಿಬಿರಕ್ಕೆಂದು ಬಸ್ಸಿನಲ್ಲಿ ಹೋಗಿದ್ದಳು, ಭಾವ ನೂಲು ತರಲು ಹೋಗಿದ್ದರು. ನಾನು ಮೆಕ್ಯಾನಿಕ್ಕನನ್ನು ಕರೆಸಿ, ಹೊಸ ಸೆಲ್ಫ್ ಮೋಟಾರು, ಹೊಸ ಬ್ಯಾಟರಿ ಎರಡನ್ನೂ ಹಾಕಿಸಿಬಿಟ್ಟೆ. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ. ಭಾವನಿಗೆ ಏದುಸಿರು ತಪ್ಪಿತು, ಹುಡುಗಿಗೆ ಇಳಿಜಾರು ಹುಡುಕುವುದು ತಪ್ಪಿತು!

ಸಂಜೆ ಅವಳು ಬಂದ ಕೂಡಲೇ ಕೀಲಿ ತಿರುಗಿಸಿ ತೋರಿಸಿದೆ. ಇಂಜಿನ್ ಒಂದೇ ಏಟಿಗೆ ಗುಡುಗಿತು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಸಪ್ಪಗಾಯಿತು.

"ಅಪ್ಪಂಗೆ ಗೊತ್ತಾ ಮಾವ?"

"ಇಲ್ಲ, ಇನ್ನೂ ಬಂದಂಗಿಲ್ಲ. ನಾಳೆ ಬೆಳಿಗ್ಗೆ ಅವರೇ ನೋಡಲಿ."

ಅವಳು ಇಂಜಿನ್ ಆರಿಸಿ, ಕೀಲಿ ತೆಗೆದುಕೊಂಡು ಒಳಗೆ ಹೋದಳು. ನನಗೆ ಸ್ವಲ್ಪ ಬೇಜಾರೇ ಆಯಿತು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ತಮಾಷೆ ನೋಡಲು ಬಾಗಿಲಲ್ಲಿ ನಿಂತೆ. ಅವಳು ಜೀಪು ಹತ್ತಿದಳು. ಭಾವ ಎಂದಿನಂತೆ ಹೊರಗೆ ಬಂದರು. ಪಂಚೆ ಎತ್ತಿಕಟ್ಟಿದರು, ಟವೆಲ್ ಸುತ್ತಿದರು, ಹಿಂದೆ ನಿಂತು ಎರಡೂ ಕೈ ಇಟ್ಟರು. ಆ ಕೈ ನೋಡಿದಾಗಲೇ ನನಗೆ ಹೊಳೆದದ್ದು. ಏಳು ತಿಂಗಳಿಂದ ಆ ಮನುಷ್ಯ ಮಗಳಿಗಾಗಿ ಮಾಡುತ್ತಿದ್ದ ಒಂದೇ ಒಂದು ಕೆಲಸ ಅದು. ಮಾತಿನಲ್ಲಿ ಹೇಳಲಾಗದ್ದನ್ನೆಲ್ಲ ದಿನಾ ಬೆಳಿಗ್ಗೆ ತಳ್ಳಿ ಹೇಳುತ್ತಿದ್ದರು. ಅದನ್ನು ನಾನು ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿ ಕಿತ್ತುಹಾಕಿದ್ದೆ. ಅವಳು ಕೀಲಿ ತಿರುಗಿಸಿದರೆ ಮುಗಿಯಿತು. ಆ ಕೈ ಖಾಲಿಯಾಗಿ ಹಿಂದೆಯೇ ಉಳಿಯುತ್ತದೆ.

ಅವಳು ಕೀಲಿಗೆ ಕೈ ಕೊಂಡೊಯ್ದದ್ದು ಕಂಡಿತು. ಹಾಗೆಯೇ ವಾಪಸು ತೆಗೆದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದಕ್ಕೆ ತಿರುಗಿ, ಎಷ್ಟೋ ತಿಂಗಳಾದ ಮೇಲೆ ಕರೆದಳು.

"ಅಪ್ಪಾ, ಸ್ಟಾರ್ಟ್ ಆಯ್ತಿಲ್ಲ ಕಣಪ್ಪ. ವಸಿ ತಳ್ತೀಯಾ?"

ಭಾವ ತಲೆಯೆತ್ತಿದರು.

"ಕೂತ್ಕೊ. ತಳ್ತೀನಿ. ನಿಧಾನಕ್ಕೆ ಹೋಗು."

ಜೀಪು ನಾಲ್ಕು ಮನೆ ದಾಟಿ, ಮೈಕೊಡವಿ, ಹೊಗೆ ಬಿಟ್ಟು ಓಡಿತು. ಬೀದಿಯ ತಿರುವಿನಲ್ಲಿ ಅವಳು ಕೈ ಹೊರಹಾಕಿ ಬೀಸಿದಳು. ಭಾವ ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ನಿಂತರು.

"ಸೆಲ್ಫ್ ಚೆನ್ನಾಗಿ ಹೊಡೀತದೆ ಮೇಷ್ಟ್ರೇ. ನಿನ್ನೆ ಸಂಜೆ ನೂಲಿನ ಮೂಟೆ ಹೊತ್ಕೊಂಡು ಬತ್ತಾ ಬೀದಿ ಮೂಲೇಲೇ ಕೇಳಿಸ್ತು."

ನಾನು ದಂಗಾಗಿ ಅವರ ಮುಖ ನೋಡಿದೆ. "ಗೊತ್ತಿದ್ದೂ ಮತ್ಯಾಕೆ ತಳ್ಳಿದ್ರಿ ಭಾವ?"

"ಅವ್ಳು ಕೇಳಿದ್ಲಲ್ಲ" ಎಂದರು.