ತಿಂಗಳ ಎರಡನೇ ಭಾನುವಾರ

ನಮ್ಮ ಅಳಿಯಂದಿರ ಮೇಲೆ ಅವರ ಹೆಂಡತಿ ಹೊರಿಸುತ್ತಿದ್ದ ಆರೋಪ ಒಂದೇ. "ನಮ್ಮಮ್ಮನ್ನ ಬನ್ನಿ ಅಂತ ಒಂದ್ಸಲನಾದ್ರೂ ಬಾಯ್ತುಂಬ ಕರೆದಿದೀರಾ?"

(ಕರೆದರೆ ಅತ್ತೆಯವರು ಬಂದೇಬಿಡುತ್ತಾರೆ. ಬಂದರೆ ಬಿಟ್ಟುಕೊಡಲು ಇರುವುದು ಅಳಿಯಂದಿರ ಕಂಪ್ಯೂಟರು ಕೂತಿರುವ ಕೋಣೆಯೊಂದೇ. ಆ ಕೋಣೆಗೆ ಪೊರಕೆ ಕೂಡ ಅಪ್ಪಣೆ ಪಡೆದೇ ಬರಬೇಕು.)

ಅಳಿಯಂದಿರು ಛಾಪಖಾನೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಸೋಲೊಪ್ಪುವುದು ಅವರ ವಂಶದಲ್ಲೇ ಇಲ್ಲ. "ಕರೀತೀನಿ. ಪ್ರತಿ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ. ನಾನು ಮರೀಬಹುದು, ಕ್ರಾನ್ ಮರೆಯಲ್ಲ."

"ಅದ್ಯಾರು ಕ್ರಾನು?"

"ತಂತ್ರಾಂಶ ಕಣೇ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡತ್ತೆ. ಅದೂ ಬಿಟ್ಟಿ."

"ಬಿಟ್ಟಿ ದುಡಿಯೋಕೆ ನಾನಿದ್ನಲ್ಲ," ಎಂದು ಹೆಂಡತಿ ಒಳಗೆ ಹೋದಳು.

ಶನಿವಾರ, ಏಳನೇ ತಾರೀಖು, ಅಳಿಯಂದಿರು ಕ್ರಾನಿಗೆ ಒಂದೇ ಒಂದು ಸಾಲು ಬರೆದರು. ಎರಡನೇ ಭಾನುವಾರ ಎಂಟರಿಂದ ಹದಿನಾಲ್ಕರೊಳಗೇ ಬರಬೇಕು. ಹಾಗಾಗಿ ತಾರೀಖಿನ ಜಾಗದಲ್ಲಿ ಎಂಟರಿಂದ ಹದಿನಾಲ್ಕು, ವಾರದ ಜಾಗದಲ್ಲಿ ಭಾನುವಾರ. ಕಳಿಸಬೇಕಾದ ಮೆಸೇಜು: "ಅತ್ತೆಯವರೇ, ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ದಯಮಾಡಿಸಿ." ಕೈಪಿಡಿ ಓದಿ ಎಂದು ಲೋಕಕ್ಕೆಲ್ಲ ಉಪದೇಶಿಸುವ ಮಹಾನುಭಾವರು ತಾವು ಮಾತ್ರ ಓದಲಿಲ್ಲ.

ಮರುದಿನ ಒಂಬತ್ತಕ್ಕೆ ಮೆಸೇಜು ಹೋಯಿತು. ಅಮ್ಮನ ಫೋನು ಬಂದು ಹೆಂಡತಿಯ ಮುಖ ಅರಳಿತು. ಅಳಿಯಂದಿರು ವಾರವಿಡೀ ಎದೆಯುಬ್ಬಿಸಿಕೊಂಡು ಓಡಾಡಿದರು.

ಮುಂದಿನ ಶನಿವಾರ, ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಬಾಗಿಲಲ್ಲಿ ಬಾಡಿಗೆ ಕಾರು ನಿಂತಿತು. ಅತ್ತೆ ಇಳಿದರು. ಹಿಂದೆಯೇ ಎರಡು ಟ್ರಂಕು ಇಳಿದವು.

"ಮೊದಲನೇ ದಿನ ಬಾಯುಪಚಾರ ಅಂದ್ಕೊಂಡೆ, ಅಳಿಯಂದಿರೇ. ಸೋಮವಾರಾನೂ ಕರೆದ್ರಿ, ಮಂಗಳವಾರಾನೂ ಕರೆದ್ರಿ. ನಿನ್ನೆ ಆರನೇದು ಓದಿ ಅತ್ತುಬಿಟ್ಟೆ. ಹೂವಿನ ಕುಂಡಗಳನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ."

ಅಳಿಯಂದಿರು ಎರಡೂ ಕೈಯಲ್ಲಿ ಟ್ರಂಕು ಹಿಡಿದು ನಿಂತಿದ್ದಾಗಲೇ ಅತ್ತೆಯ ಫೋನು ಟಿಣ್ ಎಂದಿತು. ಏಳನೇದು.

"ಎದುರಿಗೇ ಇದೀನಲ್ಲ, ಬಾಯಲ್ಲಿ ಹೇಳೋಕೆ ನಾಚಿಕೆನಾ?" ಎಂದು ಅತ್ತೆ ನಕ್ಕರು. ಹೆಂಡತಿ ನಗಲಿಲ್ಲ. ಅವಳು ಟ್ರಂಕು ಹಿಡಿದ ಕೈಗಳನ್ನೇ ನೋಡುತ್ತಿದ್ದಳು.

ವಿಚಾರಣೆ ಅಡುಗೆಮನೆಯಲ್ಲಿ ನಡೆಯಿತು. ಅಷ್ಟರಲ್ಲಿ ಅಳಿಯಂದಿರು ಕೈಪಿಡಿ ಓದಿಕೊಂಡು ಬಂದಿದ್ದರು. ತಾರೀಖು, ವಾರ ಎರಡನ್ನೂ ಬರೆದರೆ ಯಾವುದಾದರೊಂದು ಕೂಡಿಬಂದರೂ ಸಾಕು, ಕ್ರಾನ್ ಹೊರಟುಬಿಡುತ್ತದೆ. ಅಂದರೆ ಎಂಟರಿಂದ ಹದಿನಾಲ್ಕರವರೆಗೆ ದಿನವೂ, ಅದರ ಮೇಲೆ ಪ್ರತಿ ಭಾನುವಾರವೂ.

"ಕ್ರಾನಿಗೆ ತಲೆ ಕೆಟ್ಟಿದೆಯಾ?"

"ಅದು ತಪ್ಪು ಮಾಡಲ್ಲ."

"ಹಾಗಾದ್ರೆ ತಪ್ಪು ನಿಮ್ಮದು."

"ತಪ್ಪೇ ಆಗಿಲ್ಲ. ಬೇಕಂತಲೇ ದಿನಾ ಕರೆದೆ."

"ಸರಿ. ಕೋಣೆ ಖಾಲಿ ಮಾಡಿ. ಆ ಸಾಲು ಅಳಿಸಬೇಡಿ, ನಾಳೆ ಭಾನುವಾರ."

ಜಟ್ಟಿಯ ಮೀಸೆ ಮಣ್ಣಾಗಲಿಲ್ಲ, ಕೋಣೆ ಮಾತ್ರ ಹೋಯಿತು. ಕಂಪ್ಯೂಟರು ಅದರ ಮೂಲೆಯಲ್ಲೇ ಉಳಿಯಿತು.

ಭಾನುವಾರ ಅತ್ತೆ ಕನ್ನಡಕ ಹಾಕಿಕೊಂಡು, ಫೋನು ಮುಂದಿಟ್ಟುಕೊಂಡು ಹಜಾರದಲ್ಲಿ ಕೂತರು. ಒಂಬತ್ತಾಯಿತು, ಒಂಬತ್ತೂ ಐದಾಯಿತು. ಫೋನು ಮಿಸುಕಲಿಲ್ಲ. ಅಳಿಯಂದಿರು ಕೋಣೆಗೆ ಇಣುಕಿದರು. ಕಂಪ್ಯೂಟರಿನ ಪ್ಲಗ್ಗು ನೆಲದ ಮೇಲಿತ್ತು. ಅದರ ಜಾಗದಲ್ಲಿ ಅತ್ತೆಗೆಂದು ಇಟ್ಟಿದ್ದ ಟೇಬಲ್ ಫ್ಯಾನಿನ ಪ್ಲಗ್ಗಿತ್ತು.

ಅತ್ತೆಯ ಮುಖ ಸಣ್ಣದಾಯಿತು. "ಒಂದೇ ದಿನಕ್ಕೆ ಬೇಡವಾದೆನಾ? ಟ್ರಂಕು ಇನ್ನೂ ಬಿಚ್ಚಿಲ್ಲ, ಹೊರಟುಬಿಡ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ವಾಪಸು. ಆದರೆ ಆ ಸಣ್ಣ ಮುಖ ನೋಡಿ ಅಳಿಯಂದಿರಿಗೆ ನಿಜಕ್ಕೂ ಸಂಕಟವಾಯಿತು. ಗಂಟಲು ಸರಿಮಾಡಿಕೊಂಡರು.

"ಅತ್ತೆಯವರೇ, ನೀವಿಲ್ಲದೆ ಮನೆ ಬಿಕೋ ಅಂತಿತ್ತು. ದಯಮಾಡಿಸಿ."

"ಇದೇ ಚೆನ್ನಾಗಿದೆ," ಎಂದರು ಅತ್ತೆ. "ಇನ್ಮೇಲೆ ಮೆಸೇಜು ಬೇಡ. ದಿನಾ ಒಂಬತ್ತಕ್ಕೆ ಹೀಗೇ ಬಾಯಲ್ಲಿ ಹೇಳಿ."

"ನೀನು ಯೋಚನೆ ಮಾಡ್ಬೇಡಮ್ಮ," ಎಂದಳು ಬಾಗಿಲಿಗೊರಗಿ ನಿಂತಿದ್ದ ಹೆಂಡತಿ. "ಇವರು ಮರೀಬಹುದು, ನಾನು ಮರೆಯಲ್ಲ."