ಎಂಬತ್ತಕ್ಕೆ ಇಳಿದ ನಂಬರು

ಆಪರೇಷನ್ ಥಿಯೇಟರಿನ ಬಾಗಿಲು ಸರಿಯಾಗಿ ಮುಚ್ಚಿಕೊಂಡಿದ್ದರೆ ತೋಟಪ್ಪನಿಗೆ ಈ ಪಾಡು ಬರುತ್ತಿರಲಿಲ್ಲ.

ಹಿಂದೂಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವನ ಹೆಂಡತಿ ಬನಶಂಕರಿಯ ಕತ್ತಿನೊಳಗಿನ ಗ್ರಂಥಿ ತೆಗೆಯುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ತೋಟಪ್ಪ ಕೂತಿದ್ದ. ಧೈರ್ಯ ಹೇಳಲೆಂದು ಪಕ್ಕದ ಮನೆಯ ಚೆನ್ನಕೇಶವನೂ ಬಂದಿದ್ದ. ಬಾಗಿಲ ಸಂದಿಯಿಂದ ದನಿಯೊಂದು ತೂರಿಬಂತು: "ಮೇಡಂ, ಸ್ಯಾಚುರೇಷನ್ ಎಂಬತ್ತಕ್ಕೆ ಇಳೀತು!"

"ಅಂಗಂದ್ರೇನ್ಲಾ ಕೇಶವ?"

"ಮೈಯಾಗಿನ ಆಕ್ಸಿಜನ್ ಕಣಪ್ಪ. ಕೊರೊನಾದಾಗೆ ಬೆರಳಿಗೆ ಕ್ಲಿಪ್ ಹಾಕಿ ನೋಡ್ತಿರ್ಲಿಲ್ವಾ? ತೊಂಬತ್ತರ ಕೆಳಕ್ಕೆ ಹೋದ್ರೆ..." ಚೆನ್ನಕೇಶವ ಮಾತು ನಿಲ್ಲಿಸಿ ಮೇಲೆ ನೋಡಿ ಕೈಮುಗಿದ.

ಧೈರ್ಯ ಹೇಳುವುದು ಅಲ್ಲಿಗೆ ಮುಗಿಯಿತು. ತೋಟಪ್ಪ ರೊದ್ದಂ ಊರಿನಲ್ಲಿದ್ದ ಅತ್ತೆ ಆದೆಮ್ಮನಿಗೆ ಫೋನ್ ಹಚ್ಚಿದ. "ಅತ್ತಮ್ಮ, ಎಲ್ಲಾರೂ ಬಂದ್ಬುಡಿ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟ. ಉಳಿದದ್ದನ್ನು ಆದೆಮ್ಮ ತಾನೇ ಊಹಿಸಿಕೊಂಡಳು. ಪರಿಗಿಯ ನೆಂಟರಿಗೆ ಚೆನ್ನಕೇಶವನೇ ಸುದ್ದಿ ಮುಟ್ಟಿಸಿದ, ಎಂಬತ್ತನ್ನು ಅರವತ್ತಕ್ಕೆ ಇಳಿಸಿ.

ಟಾಟಾ ಏಸ್ ತುಂಬ ಜನ ಬಂದಿಳಿದರು. ಗೇಟಿನಿಂದಲೇ ಅಳು ಶುರುವಾಯಿತು. ದೊಡ್ಡ ಮಾವ ಹೂವಿನ ಹಾರವನ್ನೂ ತಂದಿದ್ದ. ಸಂಕೋಚಕ್ಕೆ ಬೆನ್ನ ಹಿಂದೆ ಹಿಡಿದಿದ್ದ.

ಗದ್ದಲಕ್ಕೆ ಡಾಕ್ಟರ್ ಶಿರೀಷಾ ಹೊರಬಂದರು. "ಯಾಕ್ರೀ ಅಳ್ತಿದ್ದೀರಾ? ಆಪರೇಷನ್ ಮುಗೀತು, ಆಕೆ ಚೆನ್ನಾಗಿದ್ದಾರೆ."

"ಎಂಬತ್ತು ಅಂದ್ರಲ್ಲ ಮೇಡಂ!" ಎಂದ ತೋಟಪ್ಪ.

"ಗ್ರಂಥಿ ಎದ್ದು ಕಾಣ್ಲಿ ಅಂತ ರಕ್ತಕ್ಕೆ ನೀಲಿ ಬಣ್ಣ ಇಂಜೆಕ್ಷನ್ ಕೊಟ್ವಿ. ಆ ಕ್ಲಿಪ್ಪು ಬೆರಳೊಳಗೆ ಬೆಳಕು ಬಿಟ್ಟು, ರಕ್ತದ ಬಣ್ಣ ನೋಡಿ ಲೆಕ್ಕ ಹೇಳುತ್ತೆ. ನೀಲಿ ಕಂಡು ತಪ್ಪು ನಂಬರ್ ತೋರಿಸ್ತು. ರಕ್ತ ಟೆಸ್ಟ್ ಮಾಡಿ ನೋಡಿದ್ವಿ, ಆಕ್ಸಿಜನ್ ಸರಿಯಾಗೇ ಇತ್ತು. ಕ್ಲಿಪ್ಪೂ ಆಮೇಲೆ ಸರಿಹೋಯ್ತು."

ಅಳು ನಿಂತಿತು. ಎಲ್ಲರ ಕಣ್ಣೂ ತೋಟಪ್ಪನ ಮೇಲೆ ಬಿದ್ದವು. ಚೆನ್ನಕೇಶವ ಆಗಲೇ ಟೀ ಕುಡಿಯಲು ಹೋಗಿದ್ದ.

"ಏಮಯ್ಯಾ ಅಲ್ಲುಡೂ!" ಆದೆಮ್ಮ ಅಳಿಯನ ಮೇಲೆ ಗುಡುಗಿದಳು. "ಒಲೆ ಮೇಲಿನ ಅನ್ನ ಬಿಟ್ಟು ಓಡಿಬಂದ್ವಲ್ಲ, ಬುದ್ಧಿ ಲೇದಾ ನಿಂಗೆ?"

ತೋಟಪ್ಪ ಉತ್ತರ ಕೊಡಲು ಹೋಗಿ ಏದುಸಿರು ಬಿಡತೊಡಗಿದ. ನರ್ಸ್ ಅವನ ಬೆರಳಿಗೂ ಕ್ಲಿಪ್ ಸಿಕ್ಕಿಸಿದಳು. ಎಂಬತ್ತೆಂಟು.

ತೋಟಪ್ಪ ಎಲ್ಲ ಬಲ್ಲವನಂತೆ ನಕ್ಕ. "ಸುಳ್ಳು ಕಣಮ್ಮ ಅದು. ಬಣ್ಣ ಕಂಡು ಮೋಸ ಹೋಗೈತೆ."

"ನಿಮಗೆ ಯಾವ ಬಣ್ಣ ಕೊಟ್ಟಿದೀವಿ ನಾವು?" ಎಂದರು ಡಾಕ್ಟರ್. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಒಳಗೆ ಪೀಪಿ ಊದಿದಂತೆ ಸದ್ದು. "ಉಬ್ಬಸ. ಈಗಲೇ ಅಡ್ಮಿಟ್ ಆಗಿ."

ಸಂಜೆ ಬನಶಂಕರಿ ಕಣ್ಣು ಬಿಟ್ಟಾಗ, ಪಕ್ಕದ ಹಾಸಿಗೆಯಲ್ಲಿ ಮಾಸ್ಕ್ ಹಾಕಿಕೊಂಡು ಗಂಡ ಮಲಗಿದ್ದ. ಸುತ್ತ ಕೂತ ನೆಂಟರ ಮುಖದಲ್ಲಿ ಎಂಥದೋ ಸಮಾಧಾನ.

ಆದೆಮ್ಮ ಅಳಿಯನ ತಲೆ ಸವರಿದಳು. "ಬಾಧೆಪಡಬ್ಯಾಡ ಕಣಪ್ಪ. ನಾವು ಬಂದಿದ್ದು ದಂಡ ಆಗ್ಲಿಲ್ಲ."